ಕ್ಯಾಮೆರಾ ಮಾಡ್ಯೂಲ್ ಫ್ಯಾಕ್ಟರಿ ಕೆಲಸಕ್ಕೆ ಸೇರಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ತುಮಕೂರು
ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿದ್ದೇನೆ. ತಮಿಳುನಾಡಿನಲ್ಲಿ ಫೋನ್ ಕ್ಯಾಮೆರಾ ಮಾಡ್ಯೂಲ್ ಜೋಡಿಸುವ ಫ್ಯಾಕ್ಟರಿಯೊಂದರಲ್ಲಿ ಪ್ರೋಸೆಸ್ ಇಂಜಿನಿಯರ್ ಕೆಲಸ ಸಿಕ್ಕಿದೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಆಫರ್ ಕೂಡ ಇದೆ, ಸಂಬಳ ಹೆಚ್ಚುಕಡಿಮೆ ಒಂದೇ. "ಎಲ್ಲರ ಕೈಯಲ್ಲೂ ಫೋನ್ ಬಂದಾಯ್ತು, ಇನ್ನು ಕ್ಯಾಮೆರಾ ಎಲ್ಲಿ ಬೆಳೆಯುತ್ತೆ" ಅಂತ ನಮ್ಮ ಮಾವ. ಈ ಲೈನಿನಲ್ಲಿ ಇರುವವರು ದಯವಿಟ್ಟು ಹೇಳಿ.

ಮೊಬೈಲ್ ರಿಪೇರಿ, ಎಸ್‌ಪಿ ರೋಡ್
ನಾನು ಇಂಜಿನಿಯರ್ ಅಲ್ಲ, ಬಿಚ್ಚಿ ಕಟ್ಟುವವನು. ನಿಮ್ಮ ಮಾವ ಹೇಳಿದ್ದು ಅರ್ಧ ನಿಜ. 2020ರ ಸುಮಾರಿಗೆ ಕಡಿಮೆ ಬೆಲೆಯ ಫೋನಿಗೂ ಹಿಂದೆ ನಾಲ್ಕು ಕಣ್ಣು. ಅದರಲ್ಲಿ ಎರಡು ಬರೀ 2 ಮೆಗಾಪಿಕ್ಸೆಲ್‌ನವು, ಒಂದು ಮ್ಯಾಕ್ರೋ (ತೀರಾ ಹತ್ತಿರದ್ದನ್ನು ತೆಗೆಯಲು), ಒಂದು ಡೆಪ್ತ್ (ದೂರ ಅಂದಾಜು ಮಾಡಲು). ಅವು ಕೆಟ್ಟು ತಿಂಗಳಾದರೂ ಗಿರಾಕಿಗೆ ಗೊತ್ತೇ ಇರುತ್ತಿರಲಿಲ್ಲ. ಈಗ ಆ ಲೆಕ್ಕದ ಕಣ್ಣುಗಳು ಕಡಿಮೆಯಾಗುತ್ತಿವೆ. ಆದರೆ ಉಳಿದ ಒಂದೊಂದೂ ದುಬಾರಿ. ಕೈ ಅಲುಗಿದರೂ ಫೋಟೋ ಅಲುಗದಂತೆ ಲೆನ್ಸನ್ನೇ ಆಡಿಸುವ ವ್ಯವಸ್ಥೆ ಒಳಗಿರುತ್ತದೆ. ಬೈಕ್ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಓಡಾಡುವ ಡೆಲಿವರಿ ಹುಡುಗರ ಫೋನಲ್ಲಿ ಮೊದಲು ಹೋಗುವುದೇ ಅದು. ಹಾಗೆ ಸಿಕ್ಕಿಸಬೇಡಿ ಅಂತ ಆಪಲ್ ಕೂಡ 2021ರಲ್ಲಿ ಹೇಳಿತ್ತು. ನನಗಂತೂ ವ್ಯಾಪಾರ.

ಲೈನ್ ಇಂಜಿನಿಯರ್, ಶ್ರೀಪೆರಂಬುದೂರು
ಆರು ವರ್ಷದಿಂದ ಇದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ದುಡ್ಡು ಎಲ್ಲಿ ಹೋಗುತ್ತದೆ ನೋಡಿ. ಮಾಡ್ಯೂಲ್‌ನ ತಳದಲ್ಲಿ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್. ಅದರ ಮೇಲೆ ತೆಳು ಗಾಜಿನ ಫಿಲ್ಟರ್, ಆಮೇಲೆ ಐದಾರು ಪ್ಲಾಸ್ಟಿಕ್ ಲೆನ್ಸ್ ಇರುವ ಬ್ಯಾರೆಲ್, ಅದನ್ನು ಮೇಲೆ ಕೆಳಗೆ ಆಡಿಸುವ ಪುಟ್ಟ ಮೋಟಾರ್. ದೊಡ್ಡ ಪಾಲು ಸೆನ್ಸರ್ ಮಾಡುವ ಸೋನಿ, ಸ್ಯಾಮ್‌ಸಂಗ್, ಓಮ್ನಿವಿಷನ್‌ನಂಥವರಿಗೆ. ಲೆನ್ಸ್ ಅಂದರೆ ತೈವಾನಿನ ಲಾರ್ಗನ್, ಚೀನಾದ ಸನ್ನಿ ಆಪ್ಟಿಕಲ್. ಜೋಡಿಸುವವರಿಗೆ ಉಳಿಯುವುದು ಚಿಲ್ಲರೆ. ಆ ಚಿಲ್ಲರೆಯೂ ಕೈಗೆ ಬರುತ್ತಾ ಇಲ್ಲವಾ ಅನ್ನುವುದು ನೂರಕ್ಕೆ ಎಷ್ಟು ಪಾಸಾಯಿತು ಅನ್ನುವುದರ ಮೇಲೆ. ನಿಮ್ಮ ಕೆಲಸ ಇರುವುದು ಅಲ್ಲೇ.

ಲೈನಿನ ಜೀವ ಅಂದರೆ ಆಕ್ಟಿವ್ ಅಲೈನ್‌ಮೆಂಟ್ ಮಷೀನ್. ಸೆನ್ಸರಿಗೆ ಕರೆಂಟ್ ಕೊಟ್ಟು, ಎದುರಿಗೆ ಚಾರ್ಟ್ ಇಟ್ಟು, ಚಿತ್ರದ ನಾಲ್ಕು ಮೂಲೆಯೂ ಒಂದೇ ಸಮ ಸ್ಪಷ್ಟವಾಗುವ ತನಕ ಲೆನ್ಸನ್ನು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ ವಾಲಿಸುತ್ತದೆ. ಆಮೇಲೆ ಯುವಿ ಬೆಳಕಿನಲ್ಲಿ ಗ್ಲೂ ಹಿಡಿಸಿ ಓವನ್ನಿಗೆ. ಕೇಳಲು ಸುಲಭ. ಒಂದು ಮಳೆಗಾಲ ನಮ್ಮಲ್ಲಿ ಮಷೀನಿನ ಹತ್ತಿರ ಪಾಸಾದದ್ದೆಲ್ಲ ಓವನ್ನಿಂದ ಬಂದ ಮೇಲೆ ಮೂಲೆ ಮಸುಕು. ಮೂರು ವಾರ ಮಷೀನನ್ನೇ ಬೈದೆವು. ಕೊನೆಗೆ ನೋಡಿದರೆ ರಾತ್ರಿ ಪಾಳಿಯವರು ಗ್ಲೂ ಸಿರಿಂಜನ್ನು ಫ್ರೀಜರಿನಿಂದ ತೆಗೆದು, ಅದರ ತಣುಪು ಆರುವ ಮೊದಲೇ ಹಾಕುತ್ತಿದ್ದರು! ಟಾರ್ಗೆಟ್ ಅವಸರ, ಅವರನ್ನು ಅಂದು ಪ್ರಯೋಜನವಿಲ್ಲ.

ಇನ್ನು ಧೂಳು. ಈಗಿನ ಎಷ್ಟೋ ಸೆನ್ಸರುಗಳಲ್ಲಿ ಒಂದು ಪಿಕ್ಸೆಲ್ ಒಂದು ಮೈಕ್ರಾನಿಗಿಂತಲೂ ಚಿಕ್ಕದಿರುತ್ತದೆ, ಒಂದು ಕಣ ಬಿದ್ದರೂ ಕಲೆ. ಪೌಡರ್, ಕುಂಕುಮ, ವಿಭೂತಿ ಏನೂ ಹಚ್ಚಿಕೊಂಡು ಒಳಗೆ ಬರುವ ಹಾಗಿಲ್ಲ. ನಮ್ಮಮ್ಮನಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯ್ತು.

ಬೆಳವಣಿಗೆ ವಿಷಯ. ಎಣಿಕೆಯಲ್ಲಿ ಬೆಳೆಯುವ ಕಾಲ ಮುಗಿಯಿತು ಅಂತ ನನಗೂ ಅನ್ನಿಸುತ್ತದೆ. ಈಗ ಬೆಳೆಯುತ್ತಿರುವುದು ಜೋಡಿಸುವ ಕೆಲಸದ ಕಷ್ಟ. ಪೆರಿಸ್ಕೋಪ್ ಲೆನ್ಸ್ ನೋಡಿ. ಬೆಳಕನ್ನು ಒಳಗೇ ತಿರುಗಿಸಿ ಅಡ್ಡಡ್ಡ ಹಾಯಿಸುವ ಅದು 2019ರಲ್ಲಿ ಹುವಾವೇ ಪಿ30 ಪ್ರೋದಲ್ಲಿತ್ತು. 2023ರಲ್ಲಿ ಐಫೋನ್ 15 ಪ್ರೋ ಮ್ಯಾಕ್ಸ್‌ಗೂ ಅದೇ ತರಹದ್ದು ಬಂತು. ಜೋಡಿಸುವುದು ಕಷ್ಟ ಆದಷ್ಟೂ ನಮ್ಮಂಥವರಿಗೆ ಬೆಲೆ.

ಕಾರು ಕ್ಯಾಮೆರಾ, ಸ್ಟುಟ್‌ಗಾರ್ಟ್
ಮೇಲಿನವರು ಫೋನಿನಲ್ಲೇ ನಿಂತರು. ಎಣಿಕೆ ಕೂಡ ಬೆಳೆಯುತ್ತಿದೆ ಸ್ವಾಮಿ, ಕಾರಿನಲ್ಲಿ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯ. ಸುತ್ತಲೂ ನೋಡಲು ನಾಲ್ಕು, ಮುಂದೆ ಒಂದು ಅಂದರೆ ಆಗಲೇ ಐದಾಯಿತು. ಆದರೆ ಫೋನಿನ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಮೈನಸ್ 40 ಡಿಗ್ರಿಯಲ್ಲೂ ನಡೆಯಬೇಕು, ಕಾದ ಬಾನೆಟ್ ಪಕ್ಕದಲ್ಲೂ ನಡೆಯಬೇಕು. ಪ್ಲಾಸ್ಟಿಕ್ ಲೆನ್ಸ್ ಬಿಸಿಗೆ ಹಿಗ್ಗಿ ಫೋಕಸ್ ತಪ್ಪುತ್ತದೆ, ಅದಕ್ಕೇ ಇಲ್ಲಿ ಗಾಜು ಜಾಸ್ತಿ. ಫೋನಿನದು ಎರಡು ಮೂರು ವರ್ಷ ಬಾಳಿದರೆ ಸಾಕು, ಇಲ್ಲಿ ಹತ್ತು ಹದಿನೈದು. ಅಲೈನ್‌ಮೆಂಟ್ ಗೊತ್ತಿರುವವರು ಫೋನಿನಿಂದ ಈ ಕಡೆಗೆ ಬರುವುದನ್ನು ನಮ್ಮ ತಂಡದಲ್ಲೇ ನೋಡಿದ್ದೇನೆ. ಟೆಸ್ಟಿಂಗ್ ಕೆಲಸ ನಾಳೆಯೂ ಸಿಕ್ಕೀತು, ಈ ಕೈಕೆಲಸ ಕಲಿಯುವ ಅವಕಾಶ ಸುಮ್ನೆ ಬಿಡಬೇಡಿ.

ಷೇರು ನೋಡುವವನು, ಹುಬ್ಬಳ್ಳಿ
ಸೇರುವ ಮೊದಲು ಗಿರಾಕಿ ಎಷ್ಟು ಜನ ಅಂತ ಕೇಳಿ. ಚೀನಾದ ಓ-ಫಿಲ್ಮ್ ದೊಡ್ಡ ಮಾಡ್ಯೂಲ್ ಕಂಪನಿ. 2020ರ ಜುಲೈನಲ್ಲಿ ಅಮೆರಿಕ ಅದನ್ನು ನಿರ್ಬಂಧದ ಪಟ್ಟಿಗೆ ಹಾಕಿತು. 2021ರ ಮಾರ್ಚಿಗೆ ಆಪಲ್ ಆರ್ಡರ್ ಹೋಯಿತು. ಒಬ್ಬ ದೊಡ್ಡ ಗಿರಾಕಿ ಹೋದರೆ ಕಥೆ ಏನಾಗುತ್ತೆ, ಗೊತ್ತಲ್ವಾ? ಇನ್ನು ನಮ್ಮ ದೇಶದ್ದು. 2025ರ ಮಾರ್ಚಿನಲ್ಲಿ ಕೇಂದ್ರ ಒಪ್ಪಿದ ₹22,919 ಕೋಟಿಯ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಯೋಜನೆಯಲ್ಲಿ ಕ್ಯಾಮೆರಾ ಮಾಡ್ಯೂಲ್ ಸೇರಿದೆ. ಅದೇ ಅಕ್ಟೋಬರಿನ ಮೊದಲ ಪಟ್ಟಿಯಲ್ಲಿ ನಮ್ಮ ಮೈಸೂರಿನ ಕೇನ್ಸ್ ಕಂಪನಿಗೂ ಒಪ್ಪಿಗೆ ಸಿಕ್ಕಿತು.

ಕೇಳಿದವರು, ತುಮಕೂರು
ಎಲ್ಲರಿಗೂ ಥ್ಯಾಂಕ್ಸ್. ಸೇರುವ ಮೊದಲು ಕಂಪನಿಯವರನ್ನು ಇನ್ನೇನು ಕೇಳಲಿ? ಏನು ಓದಿಕೊಂಡು ಹೋಗಲಿ?

ಲೈನ್ ಇಂಜಿನಿಯರ್, ಶ್ರೀಪೆರಂಬುದೂರು
ಅಲೈನ್‌ಮೆಂಟ್ ನಿಮ್ಮಲ್ಲೇ ಮಾಡುತ್ತೀರಾ, ಇಲ್ಲಾ ಸಿದ್ಧ ಮಾಡ್ಯೂಲ್ ತರಿಸಿ ಟೆಸ್ಟ್ ಮಾಡಿ ಕಳಿಸುತ್ತೀರಾ ಅಂತ ನೇರವಾಗಿ ಕೇಳಿ. ಎರಡನೆಯದಾದರೆ ಬೆಂಗಳೂರೇ ವಾಸಿ. ಎಂಟಿಎಫ್ ಗ್ರಾಫ್ (ಲೆನ್ಸ್ ಚಿತ್ರವನ್ನು ಎಷ್ಟು ಸ್ಪಷ್ಟವಾಗಿ ಕೊಡುತ್ತದೆ ಅಂತ ತೋರಿಸುವುದು) ಓದುವುದನ್ನು ಕಲಿಯಿರಿ. ಮಷೀನ್ ದಿನಕ್ಕೆ ರಾಶಿ ರಾಶಿ ಡೇಟಾ ಉಗುಳುತ್ತದೆ, ಅದನ್ನು ಜರಡಿ ಹಿಡಿಯುವಷ್ಟು ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಸಾಕು.

ಕೇಳಿದವರು, ತುಮಕೂರು
ಕೇಳಿದೆ. ಅಲೈನ್‌ಮೆಂಟ್ ಅಲ್ಲೇ ಮಾಡುತ್ತಾರಂತೆ, ಗಿರಾಕಿ ಮಾತ್ರ ಸದ್ಯಕ್ಕೆ ಇಬ್ಬರೇ. ಒಂದನೇ ತಾರೀಖು ಸೇರುತ್ತಿದ್ದೇನೆ. ಮಾವನಿಗೆ ಕಾರಿನ ವಿಷಯ ಹೇಳಿದೆ, "ನಮ್ಮ ಕಾರಿಗೂ ಒಂದು ಹಾಕಿಸ್ಕೊಡು" ಅಂದರು.