ಪದ ಬೇಕು: ನಂಬರ್ ಅಳಿಸಿದ ಎಂಜಿನ್ ಕೊಳ್ಳುವುದಿಲ್ಲ ಅಂತ ಬೋರ್ಡಿಗೆ ಹೇಗೆ ಬರೆಯುವುದು?

— ಶಿರಸಿಯಿಂದ —

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು.

ನನ್ನ ಭಾವನದು ಇಲ್ಲೇ ಹಳೇ ಬೈಕ್ ಪಾರ್ಟ್ಸ್ ಅಂಗಡಿ. ಗಾಡಿ ಬಿಚ್ಚಿ ಎಂಜಿನ್, ಟ್ಯಾಂಕ್, ಸೈಲೆನ್ಸರ್, ಶಾಕ್ಸ್ ಎಲ್ಲ ಬೇರೆ ಬೇರೆ ಮಾರುತ್ತಾನೆ. ಮೊನ್ನೆ ಯಾರೋ ಒಂದು ಎಂಜಿನ್ ತಂದಿದ್ದರು. ನಂಬರ್ ಇರಬೇಕಾದ ಜಾಗಕ್ಕೆ ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿದ್ದರು. ಭಾವ ತೆಗೆದುಕೊಳ್ಳಲಿಲ್ಲ, ಆದರೆ ಅವತ್ತಿನಿಂದ ಅವನಿಗೆ ಹೆದರಿಕೆ. ವಕೀಲರನ್ನು ಕೇಳಿದ. ಅಂಗಡಿ ಮುಂದೆ ಬೋರ್ಡು ಹಾಕು ಅಂದರು, ಒಕ್ಕಣೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಂತು. ನಾನು ಮಾಡಿದ್ದು ಇದು:

"ಕ್ರಮಸಂಖ್ಯೆ ತಿದ್ದಲ್ಪಟ್ಟ ಅಥವಾ ವಿರೂಪಗೊಳಿಸಲ್ಪಟ್ಟ ಉಪಯೋಗಿಸಲ್ಪಟ್ಟ ಬಿಡಿಭಾಗಗಳನ್ನು ಖರೀದಿಸಲಾಗುವುದಿಲ್ಲ."

ಭಾವ ಓದಿದ. ಇದನ್ನು ಓದಿ ಮುಗಿಸುವಷ್ಟರಲ್ಲಿ ಗಿರಾಕಿ ಬನವಾಸಿ ಮುಟ್ಟಿರುತ್ತಾನೆ ಅಂದ. ಪೇಂಟರ್ ನಾಳೆ ಬರುತ್ತಾನೆ, ತಗಡು ದೊಡ್ಡದೇನಲ್ಲ. ದಯವಿಟ್ಟು ಇವತ್ತೇ ಹೇಳಿ.

— ಕುಮಟಾದಿಂದ —

ಒಂದೇ ವಾಕ್ಯದಲ್ಲಿ ಮೂರು "ಲ್ಪಟ್ಟ". ಮೊದಲು ಅದನ್ನು ತೆಗೆಯಿರಿ.

"ತಿದ್ದಿದ" ಅಂತ ಬರೆದರೂ ಕಷ್ಟವೇ. ಮೇಷ್ಟ್ರು ನೋಟ್‌ಬುಕ್ ತಿದ್ದುತ್ತಾರೆ, ಅಂದರೆ ತಪ್ಪನ್ನು ಸರಿ ಮಾಡುತ್ತಾರೆ. ಸರ್ಕಾರ ಕಾಯ್ದೆಗೆ ತಿದ್ದುಪಡಿ ತರುತ್ತದೆ. ಕಳ್ಳನೂ ನಂಬರ್ ತಿದ್ದುತ್ತಾನೆ. "ನಂಬರ್ ತಿದ್ದಿದ ಎಂಜಿನ್" ಅಂದರೆ ಸರಿಪಡಿಸಿದ ಎಂಜಿನ್ ಅಂತ ಓದುವವನೂ ಇರುತ್ತಾನೆ. ಬೋರ್ಡಿನಲ್ಲಿ ಆ ಕ್ರಿಯಾಪದ ಬೇಡ.

— ಬೆಂಗಳೂರಿನಿಂದ (ಊರು ಸಿದ್ದಾಪುರ) —

ಬಿಡಿಭಾಗ ಅರಿಸಮಾಸ, ಅಂದರೆ ಕನ್ನಡಕ್ಕೆ ಸಂಸ್ಕೃತ ಬೆರೆಸಿ ಕಟ್ಟಿದ ದೋಷದ ಜೋಡುಪದ. ಇಷ್ಟು ಜನ ಸುಮ್ನೆ ಇದ್ದೀರಲ್ಲ, ಆಶ್ಚರ್ಯ.

ಬಿಡಿ ನಮ್ಮದು, ಭಾಗ ಸಂಸ್ಕೃತದ್ದು. "ಬಿಡಿತುಂಡು" ಸಾಕು. ಕ್ರಮಸಂಖ್ಯೆಗೆ "ಕೊರೆದೆಣಿ" ಅನ್ನಿ, ಲೋಹದಲ್ಲಿ ಕೊರೆದ ಎಣಿಕೆ. ಚಾಸಿಗೆ "ಚೌಕಟ್ಟು" ಅನ್ನುವ ಅಚ್ಚಗನ್ನಡದ ಮಾತು ಇದ್ದೇ ಇದೆ. ಬೋರ್ಡು ಹೀಗಿರಲಿ: "ಕೊರೆದೆಣಿ ಅಳಿಸಿದ ಬಿಡಿತುಂಡು ಕೊಳ್ಳೆವು." ನಾಲ್ಕೈದು ಪದದಲ್ಲಿ ಮುಗಿಯಿತು.

— ಕುಮಟಾದಿಂದ —

ಬಿಡಿ ಅನ್ನುವುದು ಬಿಡು ಧಾತುವಿನಿಂದ ಬಂದದ್ದು. ಗಮಕ, ಅಂದರೆ ಕ್ರಿಯೆಯಿಂದ ಬಂದ ಪದ ಮೊದಲಿಗೆ ಇರುವಂಥ ಸಮಾಸ, ಅಂತ ಹಿಡಿದರೆ ಅರಿಸಮಾಸದ ದೋಷ ತಟ್ಟುವುದಿಲ್ಲ. ಬಿರುದಾವಳಿಯಲ್ಲಿ, ಹಿಂದಿನ ಕವಿಗಳ ಪ್ರಯೋಗದಲ್ಲಿ ಇದ್ದರೆ ಹಳೆಗನ್ನಡ ವ್ಯಾಕರಣ ಬರೆದ ಕೇಶಿರಾಜನೇ 13ನೇ ಶತಮಾನದಲ್ಲಿ ಬಿಟ್ಟುಕೊಟ್ಟಿದ್ದಾನೆ. ಅವನಿಗಿಲ್ಲದ ಹಟ ನಿಮಗೆ ಎಂತಕ್ಕೆ?

— ಕಾರವಾರದಿಂದ —

ಓ ಮಾರಾಯ್ರೇ, ಅವರಿಗೆ ನಾಳೆ ಬೋರ್ಡು ಬೇಕು. ಕೇಶಿರಾಜ ಪೇಂಟರ್ ಅಲ್ಲ.

ನಾನು ಇದೇ ಕಸುಬಿನ ಹತ್ತಿರ ಇರುವವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೇ ಮಾತು, ಕ್ರಮಸಂಖ್ಯೆ ಇಲ್ಲಿ ಹೊಂದುವುದಿಲ್ಲ. ವೋಟರ್ ಲಿಸ್ಟಿನಲ್ಲಿ ಇರುವುದು ಕ್ರಮಸಂಖ್ಯೆ. ಗಾಡಿಯ ಚಾಸಿ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿ ಬೆರೆತಿರುತ್ತವೆ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದು ಅಂತ ಐ, ಓ, ಕ್ಯೂ ಮೂರನ್ನೂ ಬಿಟ್ಟಿರುತ್ತಾರೆ. ಮೊದಲ ಮೂರು ಅಕ್ಷರ ನೋಡಿದರೆ ಕಂಪನಿ ಯಾವುದು ಅಂತ ಗೊತ್ತಾಗುತ್ತದೆ. ಅದು ಗುರುತು. ಸಂಖ್ಯೆ ಅಂತಲೇ ಬೇಕಾದರೆ "ಗುರುತಿನ ಸಂಖ್ಯೆ" ಅನ್ನಿ. ಆದರೆ ಅಂಗಡಿಗೆ ಬರುವವನು ಹೇಳುವುದು "ಎಂಜಿನ್ ನಂಬರ್, ಚಾಸಿ ನಂಬರ್" ಅಂತ. ಅದನ್ನೇ ಬರೆಯಿರಿ. ಸೀರಿಯಲ್ ಅನ್ನುವ ಪದ ಬೇಡವೇ ಬೇಡ, ಅದು ಟೀವಿಯಲ್ಲಿ ರಾತ್ರಿ ಬರುವಂಥದ್ದು.

ಎರಡನೆಯದು, ನಂಬರ್ ಎಲ್ಲ ಪಾರ್ಟಿಗೂ ಇರುವುದಿಲ್ಲ. ಕಾರ್ಬೊರೇಟರ್ ಮೇಲೆ ಇರುವುದು ಪಾರ್ಟ್ ನಂಬರ್ ಅಥವಾ ಅಚ್ಚಿನ ಗುರುತು. ಅದೇ ಮಾಡೆಲಿನ ಸಾವಿರಾರು ಕಾರ್ಬೊರೇಟರಿಗೆ ಅದೊಂದೇ. ಯಾರ ಗಾಡಿಯದ್ದು ಅಂತ ಅದು ಹೇಳುವುದಿಲ್ಲ. ಗಾಡಿಯ ಹೆಸರು ಹೇಳುವುದು ಎರಡೇ ಜಾಗ, ಎಂಜಿನ್ ಕೇಸು ಮತ್ತು ಹ್ಯಾಂಡಲ್ ಹತ್ತಿರದ ಚಾಸಿ ಕುತ್ತಿಗೆ. ಹಾಗಾಗಿ "ಬಿಡಿಭಾಗ" ಅಂತ ಬರೆದರೆ ಮಡ್‌ಗಾರ್ಡ್ ತಂದವನೂ ನಂಬರ್ ಎಲ್ಲಿ ಅಂತ ಹುಡುಕುತ್ತಾ ಕೂರುತ್ತಾನೆ. ಅರಿಸಮಾಸವೋ ಅಲ್ಲವೋ, ಆ ಪದವೇ ಈ ಬೋರ್ಡಿಗೆ ಬೇಕಿಲ್ಲ.

ಮೂರನೆಯದೇ ಮುಖ್ಯ. ಅಳಿದ ಮತ್ತು ಅಳಿಸಿದ ಬೇರೆ ಬೇರೆ. ನಡುವೆ ಒಂದು "ಇಸು" ಬಂದರೆ ಮಾಡಿದವನು ಒಬ್ಬ ಇದ್ದಾನೆ ಅಂತ ಆಯಿತು. ಇಲ್ಲಿ ಮಾಜಾಳಿಯಿಂದ ಭಟ್ಕಳದವರೆಗೆ ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ಉಳಿಯುವುದಿಲ್ಲ. ಮೀನಿನ ಬುಟ್ಟಿ ಕಟ್ಟಿ ಓಡಾಡಿದ ಗಾಡಿಯ ಚಾಸಿ ನೋಡಿ, ತುಕ್ಕು ಹಿಡಿದು ನಂಬರ್ ತಾನೇ ಅಳಿದಿರುತ್ತದೆ. ಯಾರೂ ಅಳಿಸಿಲ್ಲ. ನಿಮ್ಮ ಬೋರ್ಡು "ಅಳಿಸಿದ" ಅಂದರೆ ಅವನು ಜಗಳಕ್ಕೆ ಬರುತ್ತಾನೆ, ನಾನೇನು ಕಳ್ಳನಾ ಅಂತ. ಅವನು ಹೇಳುವುದು ಸರಿಯೂ ಹೌದು. ಆದರೆ ನಿಮ್ಮ ಭಾವನಿಗೆ ಎರಡೂ ಅಪಾಯವೇ, ಯಾಕೆಂದರೆ ಕೇಳುವವರು ಬಂದಾಗ ತೋರಿಸಲು ನಂಬರ್ ಇರುವುದಿಲ್ಲ. ಅದಕ್ಕೆ ಯಾರ ಮೇಲೂ ತಪ್ಪು ಹೊರಿಸದೆ ಹೀಗೆ ಬರೆಯಿರಿ:

"ನಂಬರ್ ಓದಲು ಬಾರದ ಎಂಜಿನ್, ಚಾಸಿ ಇಲ್ಲಿ ಕೊಳ್ಳುವುದಿಲ್ಲ. ಆರ್‌ಸಿ ತೋರಿಸಿ."

ಇನ್ನು ಬೋರ್ಡು ಹಾಕಿದ ಮಾತ್ರಕ್ಕೆ ಬಚಾವ್ ಅಂತ ತಿಳಿಯಬೇಡಿ. ಕಳವಿನ ಮಾಲು ಅಂತ ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣ ಇದ್ದೂ ಇಟ್ಟುಕೊಂಡರೆ 3 ವರ್ಷದವರೆಗೆ ಶಿಕ್ಷೆ ಆಗಬಹುದು. ಮೊದಲು ಐಪಿಸಿ 411 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 317. ಗ್ರೈಂಡರ್ ಹಿಡಿದ ಎಂಜಿನ್ ನೋಡಿದ ಮೇಲೂ "ನಂಬಲು ಕಾರಣ ಇರಲಿಲ್ಲ" ಅಂದರೆ ಯಾರು ಕೇಳುತ್ತಾರೆ? ಗೊತ್ತಿಲ್ಲದೇ ಪ್ರಾಮಾಣಿಕವಾಗಿ ಕೊಂಡಿದ್ದರೂ ಸಾಮಾನ್ಯವಾಗಿ ಮಾಲು ನಿಮ್ಮದಾಗುವುದಿಲ್ಲ. ಮಾರಿದವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಎಲ್ಲಿಂದ ಬರಬೇಕು? 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. ಜಪ್ತಿ ಆದರೆ ಕೊಟ್ಟ ದುಡ್ಡೂ ಹೋಯಿತು.

ಕೊಳ್ಳುವಾಗ ಆರ್‌ಸಿ ನಕಲು, ಮಾರಿದವನ ಗುರುತಿನ ಚೀಟಿಯ ನಕಲು, ಸಹಿ, ನಂಬರಿನ ಫೋಟೋ ಇಟ್ಟುಕೊಳ್ಳಲಿ. ಮಾರುವಾಗ ಬಿಲ್ಲಿನ ಮೇಲೆ ಎಂಜಿನ್ ನಂಬರ್ ಬರೆಯಲಿ. ಕೊಂಡವನು ಅದನ್ನು ತನ್ನ ಗಾಡಿಗೆ ಕೂರಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಬೇಕು, ಮೋಟಾರು ವಾಹನ ಕಾಯ್ದೆಯ ಕಲಂ 52. ಕೆಎ 31 ಇರಲಿ, ಕೆಎ 30 ಇರಲಿ, ಗೋವಾ ಗಾಡಿ ಇರಲಿ, ಎಲ್ಲದಕ್ಕೂ ಇದೇ. ಗಡಿ ದಾಟಿ ಬಂದ ಎಂಜಿನ್ ಅಗ್ಗಕ್ಕೆ ಸಿಗುತ್ತದೆ ಅಂತ ಕಾಗದ ಕೇಳದೆ ಕೊಳ್ಳುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

— ಶಿರಸಿಯಿಂದ —

ತುಂಬಾ ಉಪಕಾರ ಆಯ್ತು. "ಓದಲು ಬಾರದ" ಭಾವನಿಗೂ ಹಿಡಿಸಿತು. ಇನ್ನೊಂದೇ ಪ್ರಶ್ನೆ. ಮೇಲೆ ಅಂಗಡಿ ಹೆಸರಿನ ಕೆಳಗೆ ಏನು ಹಾಕುವುದು? "ಬಳಸಿದ ಪಾರ್ಟ್ಸ್", "ಹಳೇ ಪಾರ್ಟ್ಸ್", "ಕಳಚಿದ ಪಾರ್ಟ್ಸ್"? ಗುಜರಿ ಅನ್ನಬಹುದಾ?

— ಕುಮಟಾದಿಂದ —

ಕಳಚಿದ ಬೇಡ. ಮಳೆಗಾಲದಲ್ಲಿ ಬಣ್ಣ ಎದ್ದರೆ ದೂರದಿಂದ "ಕಳವಿನ" ಅಂತ ಕಾಣುತ್ತದೆ. "ಹಳೇ ಪಾರ್ಟ್ಸ್" ಹಾಕಿ.

— ಹೊನ್ನಾವರದಿಂದ —

ಗುಜರಿಗೆ ಅಷ್ಟು ಹಗುರ ಅರ್ಥ ಕೊಡಬೇಡಿ. ಪಾರಸಿಯ ಗುಜರ್, ಅಂದರೆ ಹಾದುಹೋಗು. ಹಿಂದುಸ್ತಾನಿಯಲ್ಲಿ ಗುಜರಿ ಅಂದರೆ ದಾರಿ ಬದಿಯಲ್ಲಿ ಮಧ್ಯಾಹ್ನದ ಮೇಲೆ ಕೂರುವ ಸಂತೆ. ಕೋರ್ಟಿನಲ್ಲಿ ಅರ್ಜಿ "ಗುಜರಾಯಿಸು" ಅಂತೀವಲ್ಲ, ಅದರ ಬೇರೂ ಇದೇ. ಅರ್ಜಿಯೂ ಗುಜರಿಯೂ ಒಂದೇ ಮನೆಯವು. ಇದನ್ನು ನಾನು ಇಲ್ಲಿ ಮೊದಲೂ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

— ಕಾರವಾರದಿಂದ —

ಬೇರು ಚೆನ್ನಾಗಿದೆ. ಆದರೆ ಇವತ್ತು ಗುಜರಿ ಅಂದರೆ ತೂಕಕ್ಕೆ ಹಾಕುವ ಮಾಲು. ಓಡುವ ಎಂಜಿನ್ನಿಗೆ ಗುಜರಿ ಅಂತ ಬರೆದರೆ ಗಿರಾಕಿ ಕಿಲೋ ರೇಟು ಕೇಳುತ್ತಾನೆ. "ಹಳೇ ಪಾರ್ಟ್ಸ್" ಸರಿ.

— ಬೆಂಗಳೂರಿನಿಂದ —

ಎಂಜಿನ್, ನಂಬರ್, ಚಾಸಿ, ಆರ್‌ಸಿ, ಪಾರ್ಟ್ಸ್. ಕನ್ನಡದ ಬೋರ್ಡಿನಲ್ಲಿ ಕನ್ನಡ ಉಳಿದದ್ದು "ಕೊಳ್ಳುವುದಿಲ್ಲ" ಒಂದೇ. ಕೊಳ್ಳುವುದಿಲ್ಲ ಅಂತ ಹೇಳಬೇಕಾದ್ದು ಈ ಪದಗಳಿಗೆ.

— ಹೊನ್ನಾವರದಿಂದ —

ವಕೀಲ, ಜಪ್ತಿ, ಜಾಮೀನು, ಮಹಜರು, ರಸೀದಿ, ಕಲಂ. ಇವೆಲ್ಲ ಎಲ್ಲಿಂದ ಬಂದವು? 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಆಡಳಿತದಲ್ಲಿ ಇತ್ತು, ಕಚೇರಿಯ ಎಷ್ಟೋ ಮಾತು ಆ ದಾರಿಯಲ್ಲಿ ಬಂತು. ನಿಮ್ಮ ಗಾಡಿಯ ಚಾವಿ ಪೋರ್ಚುಗೀಸ್. ನಾಳೆಯಿಂದ ಕಾಲಲ್ಲಿ ಕಿಕ್ ಹೊಡೆಯಿರಿ. ಕಿಕ್ಕಿಗೂ ಒಂದು ಪದ ಕಟ್ಟಿಕೊಂಡು ಹೊಡೆಯಿರಿ.

— ಬೆಂಗಳೂರಿನಿಂದ —

ಹಳೇ ತಪ್ಪು ತೋರಿಸಿ ಹೊಸ ತಪ್ಪು ಮಾಡುವುದು ವಾದ ಅಲ್ಲ. ಚೌಕಟ್ಟು ಇರುವಾಗ ಚಾಸಿ ಯಾಕೆ? ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

— ಕುಮಟಾದಿಂದ —

ಕೊಡುತ್ತೇನೆ. ಚೌಕಟ್ಟಿನ "ಚೌ" ಸಂಸ್ಕೃತದ ಚತುರ್‌ನಿಂದ ಸವೆದು ಬಂದದ್ದು. "ಕಟ್ಟು" ನಮ್ಮದು. ನಿಮ್ಮ ಅಚ್ಚಗನ್ನಡದ ಪದವೂ ಬೆರಕೆಯೇ. ಮೊದಲು ಅದರ ಆರ್‌ಸಿ ತೋರಿಸಿ.