ಕಿವಿಯೊಳಗೆ ಮೂಳೆ ಬೆಳೆದರೆ ಶಸ್ತ್ರಚಿಕಿತ್ಸೆಯೊಂದೇ ದಾರಿಯೇ?

ಪ್ರಶ್ನೆ:
ನನ್ನ ತಂಗಿಗೆ 32 ವರ್ಷ. ಎರಡನೆಯ ಹೆರಿಗೆಯಾದ ಮೇಲೆ ಅವಳ ಎರಡೂ ಕಿವಿಗಳು ಮಂದವಾಗುತ್ತ ಬಂದಿವೆ. ಎಡಗಿವಿ ಇನ್ನೂ ಹೆಚ್ಚು. ಕಿವಿ ಸೋರಿಲ್ಲ, ನೋವೂ ಇಲ್ಲ. ವಿಚಿತ್ರವೆಂದರೆ, ಮಿಕ್ಸಿ ತಿರುಗುತ್ತಿರುವಾಗ ನಾವಾಡುವ ಮಾತು ಅವಳಿಗೆ ಚೆನ್ನಾಗಿಯೇ ಕೇಳಿಸುತ್ತದೆ. ವೈದ್ಯರು ಓಟೋಸ್ಕ್ಲೆರೋಸಿಸ್ (ಕಿವಿಯೊಳಗೆ ಮೂಳೆ ಬೆಳೆಯುವ ಕಾಯಿಲೆ) ಎಂದು ಹೇಳಿ ಶಸ್ತ್ರಚಿಕಿತ್ಸೆ ಸೂಚಿಸಿದ್ದಾರೆ. ಬಸುರಿಯಾಗಿದ್ದಾಗ ನುಂಗಿದ ಕ್ಯಾಲ್ಸಿಯಂ ಮಾತ್ರೆಗಳಿಂದಲೇ ಮೂಳೆ ಬೆಳೆದಿದೆ ಎಂಬುದು ಮನೆಯ ಹಿರಿಯರ ವಾದ. ಇದು ನಿಜವೇ?

ಉತ್ತರ 1:
ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಈ ಭಯದಿಂದ ಯಾವ ಬಸುರಿಯೂ ಅವನ್ನು ಬಿಡಬಾರದು. ಒಳಗಿವಿಯನ್ನು ಸುತ್ತುವರಿದ ಮೂಳೆ ಅಲ್ಲಲ್ಲಿ ಕರಗಿ, ಆ ಜಾಗದಲ್ಲಿ ಸ್ಪಂಜಿನಂಥ ಹೊಸ ಮೂಳೆ ಬೆಳೆದು, ಕ್ರಮೇಣ ಗಟ್ಟಿಯಾಗಿ, ನಡುಗಿವಿಯಿಂದ ಒಳಗಿವಿಗೆ ಸದ್ದು ದಾಟಿಸುವ, ಸುಮಾರು 3 ಮಿಲಿಮೀಟರಿನ ರಿಕಾಪು ಮೂಳೆಯ (ಸ್ಟೇಪಿಸ್) ತಳವನ್ನು ಕಚ್ಚಿ ಹಿಡಿಯುತ್ತದೆ. ಕಿವಿಯ ತಮಟೆ ಕಂಪಿಸಿದರೂ ರಿಕಾಪು ಅಲುಗದ ಕಾರಣ ಸದ್ದು ಒಳಗಿವಿಗೆ ಸರಿಯಾಗಿ ದಾಟುವುದಿಲ್ಲ. ಕಾಯಿಲೆ ಹೆಚ್ಚಾಗಿ ವಂಶದಲ್ಲಿ ಹರಿದುಬರುತ್ತದೆ, ಹೆಂಗಸರಲ್ಲಿ ಹೆಚ್ಚು. ದಡಾರದ ವೈರಸ್ಸಿನ ಮೇಲೂ ಸಂಶಯವಿದೆ. ಬಸುರಿನಿಂದ ಉಲ್ಬಣಿಸುತ್ತದೆಯೇ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಮಿಕ್ಸಿಯ ಒಗಟು ಸುಲಭ: ಗದ್ದಲದಲ್ಲಿ ನೀವು ದನಿ ಏರಿಸುತ್ತೀರಿ, ಅವರಿಗೋ ಆ ಗದ್ದಲ ಅಷ್ಟಾಗಿ ತಟ್ಟುವುದಿಲ್ಲ.

ಉತ್ತರ 2:
ನಾಲ್ಕು ವರ್ಷಗಳ ಹಿಂದೆ ನಾನು ಬಲಗಿವಿಗೆ ಸ್ಟೆಪಿಡಾಟಮಿ ಎಂಬ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ರಿಕಾಪಿನ ಮೇಲ್ಭಾಗವನ್ನು ತೆಗೆದು, ತಳದಲ್ಲಿ ಸಣ್ಣ ರಂಧ್ರ ಕೊರೆದು, ಅದರೊಳಗೆ ಟೆಫ್ಲಾನ್ ಪಿಸ್ಟನ್ ಇಳಿಸಿ, ಅದರ ಕೊಕ್ಕೆಯನ್ನು ಪಕ್ಕದ ಮೂಳೆಗೆ ಸಿಕ್ಕಿಸಿದರು. ಎರಡು ದಿನ ತಲೆ ಸುತ್ತಿತು. ರುಚಿಯ ನರವೊಂದು ನಡುಗಿವಿಯ ಮೂಲಕವೇ ಹಾದುಹೋಗುವುದರಿಂದ, ತಿಂಗಳೊಪ್ಪತ್ತು ಕಾಫಿ ಕುಡಿದರೆ ತಾಮ್ರದ ಚೊಂಬು ನೆಕ್ಕಿದಂತಿತ್ತು. ಕಿವಿಯ ಪ್ಯಾಕ್ ತೆಗೆದ ದಿನ ನರ್ಸ್ ಕಾಗದ ಮಗುಚಿದ ಸದ್ದೇ ಕರ್ಕಶವೆನಿಸಿತು. ಮೂಗನ್ನು ಜೋರಾಗಿ ಸೀಟಬಾರದು, ಬಾಯಿ ತೆರೆದು ಸೀನಬೇಕು, ಕೆಲವು ವಾರ ಭಾರ ಎತ್ತಬಾರದು ಎಂದರು. ಕೈಗೂಸಿರುವ ತಾಯಿಗೆ ಕೊನೆಯದೇ ಕಷ್ಟ.

ಉತ್ತರ 3:
1956ರಲ್ಲಿ ಅಮೆರಿಕದ ಜಾನ್ ಶಿಯಾ ಕೃತಕ ರಿಕಾಪು ಕೂರಿಸಿದಂದಿನಿಂದ ಈ ಶಸ್ತ್ರಚಿಕಿತ್ಸೆ ಬಹಳ ಪಳಗಿದೆ. ಆದರೂ ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಕಿವುಡಾಗುವ ಅಪಾಯವಿರುವುದರಿಂದಲೇ, ಹೆಚ್ಚು ಮಂದವಾದ ಕಿವಿಯನ್ನು ಮೊದಲು ಆರಿಸುತ್ತಾರೆ. ಅವಸರವೇನೂ ಇಲ್ಲ. ಒಳಗಿವಿ ಚೆನ್ನಾಗಿದ್ದರೆ ಶ್ರವಣ ಸಾಧನವೂ ಒಳ್ಳೆಯ ಫಲ ಕೊಡುತ್ತದೆ, ಆದರೆ ಕಾಯಿಲೆಯನ್ನು ತಡೆಯುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಆಡಿಯೋಗ್ರಾಂ (ಕಿವಿ ಎಷ್ಟು ಕೇಳಿಸುತ್ತದೆಂದು ತೋರಿಸುವ ನಕ್ಷೆ) ಮಾಡಿಸಿ, ಅದನ್ನು ಮುಂದಿಟ್ಟುಕೊಂಡು ನಿರ್ಧರಿಸಿ. ಮನೆಯಲ್ಲಿ ಬೇರೆ ಯಾರಿಗಾದರೂ ಕಿವಿ ಮಂದವೇ?

ಪ್ರಶ್ನೆ ಕೇಳಿದವರು:
ನಮ್ಮ ತಾಯಿಗೆ ನಲವತ್ತರಿಂದಲೇ ಮಂದ. ಕೂಗಿ ಮಾತಾಡುವುದನ್ನು ನಾವು ರೂಢಿ ಮಾಡಿಕೊಂಡುಬಿಟ್ಟಿದ್ದೆವು. ಸೋಮವಾರ ಇಬ್ಬರನ್ನೂ ಪರೀಕ್ಷೆಗೆ ಕರೆದೊಯ್ಯುತ್ತೇನೆ.