ಅಪ್‌ಡೇಟ್: ವೈದ್ಯಕೀಯ ಕಾರಣವಿಲ್ಲದೆ ಸಿಸೇರಿಯನ್ ಕೇಳಿದ್ದೆ, ಹೆರಿಗೆಯಾಯಿತು

ಯಾವ ತೊಡಕೂ ಇಲ್ಲದಿದ್ದರೂ, ಹೆರಿಗೆ ನೋವಿನ ಭಯದಿಂದ ಹಾಗೂ ಮಳೆಗಾಲದ ರಾತ್ರಿ ಸೋಮವಾರಪೇಟೆ ಕಡೆಯ ನಮ್ಮ ತೋಟದಿಂದ ಮಡಿಕೇರಿಗೆ ಓಡಬೇಕಾದೀತೆಂಬ ಆತಂಕದಿಂದ ಸಿಸೇರಿಯನ್ ಕೇಳಬಹುದೇ ಎಂದು ಹಿಂದೆ ಇಲ್ಲಿ ವಿಚಾರಿಸಿದ್ದೆ. ಕಳೆದ ವಾರ ಸಿಸೇರಿಯನ್ ಮೂಲಕವೇ ಹೆಣ್ಣು ಮಗು ಹುಟ್ಟಿತು, ಇಬ್ಬರೂ ಚೆನ್ನಾಗಿದ್ದೇವೆ.

ಭಯವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ ಎಂದವರ ಸಲಹೆಯೇ ಫಲಿಸಿತು. ಎಪಿಡ್ಯೂರಲ್ (ಬೆನ್ನಿನ ಮೂಲಕ ಕೊಡುವ ನೋವು ನಿವಾರಕ ಮದ್ದು) ಕೊಟ್ಟು ನೋವು ತಗ್ಗಿಸಿ ಸಹಜ ಹೆರಿಗೆ ಮಾಡಿಸಬಹುದೆಂದು ವೈದ್ಯರು ವಿವರಿಸಿದರು. ನನ್ನ ಮನಸ್ಸು ಬದಲಾಗದಿದ್ದಾಗ ಒಪ್ಪಿದರು. ಮುಹೂರ್ತ ನೋಡಿ 37ನೇ ವಾರಕ್ಕೇ ದಿನ ಗೊತ್ತುಪಡಿಸಿ ಎಂಬ ಸಲಹೆ ಮಾತ್ರ ನಡೆಯಲಿಲ್ಲ. 39 ವಾರ ತುಂಬುವ ಮೊದಲು ತೆಗೆದರೆ ಮಗುವಿಗೆ ಉಸಿರಾಟದ ತೊಂದರೆಯಾಗುವ ಸಾಧ್ಯತೆ ಹೆಚ್ಚೆಂದು ವೈದ್ಯರು ಖಡಾಖಂಡಿತವಾಗಿ ನಿರಾಕರಿಸಿದರು, ಅದು ಸರಿಯೆಂದೇ ನನ್ನ ಅಭಿಪ್ರಾಯ. ನಿಗದಿತ ದಿನಕ್ಕೆ ಮುನ್ನವೇ ನೋವು ಬರಬಹುದೆಂದು ಮಡಿಕೇರಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು.

ವೈದ್ಯರಿಂದ ನಾನು ನಿರೀಕ್ಷಿಸದಿದ್ದ ಪ್ರಶ್ನೆಯೆಂದರೆ, ಮುಂದೆ ಎಷ್ಟು ಮಕ್ಕಳು ಬೇಕು ಎಂಬುದು. ಸಿಸೇರಿಯನ್‌ಗಳು ಹೆಚ್ಚಿದಂತೆ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಗುರುತಿಗೆ ಅಂಟಿಕೊಂಡು ತೀವ್ರ ರಕ್ತಸ್ರಾವವಾಗುವ ಅಪಾಯ ಏರುತ್ತದೆ. ಹೆಚ್ಚು ಮಕ್ಕಳು ಬೇಕೆನ್ನುವವರು ಇದನ್ನು ದಯವಿಟ್ಟು ಮೊದಲೇ ಯೋಚಿಸಿ. ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರವಾಗಿದ್ದೆ. ಹೊಟ್ಟೆ ಎಳೆದಂತಾಗುವುದು ತಿಳಿಯುತ್ತಿತ್ತು, ನೋವಿರಲಿಲ್ಲ. ನೋವು ಬಂದದ್ದು ಮರುದಿನ ಎದ್ದು ನಡೆಯುವಾಗ. ಕೆಮ್ಮು ಬಂದರೆ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯಿರಿ ಎಂದು ನರ್ಸ್ ಕಲಿಸಿದ್ದು ಈಗಲೂ ಉಪಯೋಗಕ್ಕೆ ಬರುತ್ತಿದೆ.